ಶಾಯ್ಬ್ಲೆ ಅವರ ಲೆಕ್ಕವನ್ನು ಸಂಸತ್ತಿನಲ್ಲಿ ನೋಡಬೇಕು

ಮಾನ್ಯ ಸಂಪಾದಕರೇ,

ಯೂರೊ ಬಿಕ್ಕಟ್ಟಿನ ದಿನಗಳನ್ನು ಕುರಿತು ತಮ್ಮ ಪತ್ರಿಕೆಯ ವಿದೇಶ ಪುಟದಲ್ಲಿ ಪ್ರಕಟವಾದ ಲೇಖನವನ್ನು ಗಮನವಿಟ್ಟು ಓದಿದೆ. ವಿಷಯವನ್ನು ಲೇಖಕರು ಚೆನ್ನಾಗಿಯೇ ವಿವರಿಸಿದ್ದಾರೆ. ಆದರೆ ಜರ್ಮನಿಯ ವೋಲ್ಫ್‌ಗಾಂಗ್ ಶಾಯ್ಬ್ಲೆ ಅವರನ್ನು ಸಾಲದಲ್ಲಿ ಮುಳುಗಿದ್ದ ಗ್ರೀಸ್ ದೇಶವನ್ನು ಮಣಿಸಿದ ಕಠಿಣ ಹಣಕಾಸು ಸಚಿವ ಎಂಬ ಒಂದೇ ಮಾತಿನಲ್ಲಿ ಮುಗಿಸಿರುವುದು ನನಗೆ ಸರಿಕಾಣಲಿಲ್ಲ. ಅವರು ಹಣಕಾಸು ಸಚಿವರಾಗಿದ್ದುದು ಎಂಟು ವರ್ಷ. ಜರ್ಮನಿಯ ಸಂಸತ್ತಾದ ಬುಂಡೆಸ್ಟಾಗ್‌ನ ಸದಸ್ಯರಾಗಿದ್ದುದು, 1972ರಿಂದ 2023ರ ಡಿಸೆಂಬರ್‌ನಲ್ಲಿ ಕೊನೆಯುಸಿರೆಳೆಯುವವರೆಗೆ, ಐವತ್ತೊಂದು ವರ್ಷ. ಜರ್ಮನಿಯ ಸಂಸದೀಯ ಇತಿಹಾಸದಲ್ಲಿ ಅಷ್ಟು ದೀರ್ಘಕಾಲ ಸದಸ್ಯರಾಗಿದ್ದವರು ಇನ್ನೊಬ್ಬರಿಲ್ಲ. ಸರ್ಕಾರದ ಮುಖ್ಯಸ್ಥರಾದ ಚಾನ್ಸಲರ್ ಆಗದ, ರಾಷ್ಟ್ರಾಧ್ಯಕ್ಷರೂ ಆಗದ ಈ ಸಂಪ್ರದಾಯವಾದಿ ನಾಯಕರ ಹಿರಿಮೆಯನ್ನೂ ಅವರು ಮಾಡಿದ ತಪ್ಪನ್ನೂ ಸಂಸತ್ತಿನೊಳಗೆ ನಿಂತು ನೋಡಿದಾಗ ಮಾತ್ರ ಅವುಗಳ ನಿಜವಾದ ತೂಕ ತಿಳಿಯುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅದನ್ನು ವಿವರವಾಗಿ ಹೇಳಲೆಂದೇ ಈ ಪತ್ರ.

ಶಾಯ್ಬ್ಲೆ ಹುಟ್ಟಿದ್ದು 1942ರ ಸೆಪ್ಟೆಂಬರ್ 18ರಂದು, ನೈಋತ್ಯ ಜರ್ಮನಿಯ ಫ್ರೈಬುರ್ಗ್‌ನಲ್ಲಿ. ಬೆಳೆದದ್ದು ಬ್ಲ್ಯಾಕ್ ಫಾರೆಸ್ಟ್ ಬೆಟ್ಟಸಾಲಿನ ಹಾರ್ನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆ ತೆರಿಗೆ ಸಲಹೆಗಾರರಾಗಿದ್ದರು, ಯುದ್ಧಾನಂತರದ ಬಾಡೆನ್ ಪ್ರಾಂತ್ಯದ ವಿಧಾನಸಭೆಯಲ್ಲಿ ಕ್ರಿಶ್ಚಿಯನ್ ಡೆಮಾಕ್ರಟಿಕ್ ಯೂನಿಯನ್, ಅಂದರೆ ಸಿಡಿಯು ಪಕ್ಷದ ಸದಸ್ಯರೂ ಆಗಿದ್ದರು. ಮಗ ಕಾನೂನು ಮತ್ತು ಅರ್ಥಶಾಸ್ತ್ರ ಓದಿ, 1971ರಲ್ಲಿ ಡಾಕ್ಟರೇಟ್ ಪಡೆದು, ತೆರಿಗೆ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಮರುವರ್ಷವೇ, ಮೂವತ್ತರ ವಯಸ್ಸಿನಲ್ಲಿ, ಆಫನ್‌ಬುರ್ಗ್ ಕ್ಷೇತ್ರದಿಂದ ಬುಂಡೆಸ್ಟಾಗ್‌ಗೆ ಆಯ್ಕೆಯಾದರು. ಜರ್ಮನಿಯಲ್ಲಿ ಮತದಾರನಿಗೆ ಎರಡು ಮತಗಳಿರುತ್ತವೆ, ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷದ ಪಟ್ಟಿಗೆ. ಹೆಸರಾಂತ ನಾಯಕರು ಅನೇಕರು ಪಟ್ಟಿಯ ಭದ್ರತೆಯಲ್ಲಿ ಸಂಸತ್ತಿಗೆ ಬರುತ್ತಾರೆ. ಶಾಯ್ಬ್ಲೆ ಮಾತ್ರ 1972ರಿಂದ 2021ರವರೆಗಿನ ಹದಿನಾಲ್ಕು ಚುನಾವಣೆಗಳಲ್ಲೂ ಅದೇ ಕ್ಷೇತ್ರದ ಜನರ ನೇರ ಮತದಿಂದ ಗೆದ್ದು ಬಂದರು. ಸರ್ಕಾರದಲ್ಲಿದ್ದಾಗಲೂ ಇಲ್ಲದಿದ್ದಾಗಲೂ, ಪಕ್ಷ ಅವರನ್ನು ತಲೆಯ ಮೇಲೆ ಹೊತ್ತಾಗಲೂ ಮೂಲೆಗೆ ತಳ್ಳಿದಾಗಲೂ, ಈ ಒಂದು ನೆಲೆ ಅಲುಗಲಿಲ್ಲ. ಅವರ ಬದುಕಿನ ಮುಂದಿನ ತಿರುವುಗಳನ್ನು ಅರಿಯಲು ಈ ಸಂಗತಿ ಬಹಳ ಮುಖ್ಯ.

ಅವರಿಗೆ ಮೊದಲು ದೊರೆತ ಮಹತ್ವದ ಹೊಣೆ ಸಾರ್ವಜನಿಕರ ಕಣ್ಣಿಗೆ ಬೀಳದಂಥದು. 1981ರಿಂದ 1984ರವರೆಗೆ ಅವರು ಸಿಡಿಯು ಮತ್ತು ಅದರ ಬವೇರಿಯಾದ ಸೋದರ ಪಕ್ಷ ಸಿಎಸ್‌ಯು ಒಟ್ಟಾಗಿ ನಡೆಸುವ ಸಂಸದೀಯ ಪಕ್ಷದ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದರು. ಕಲಾಪದ ಪಟ್ಟಿಯಲ್ಲಿ ಏನು ಬರಬೇಕು, ಯಾರಿಗೆ ಎಷ್ಟು ನಿಮಿಷ ಮಾತು, ಮತಕ್ಕೆ ಹಾಕುವ ಹೊತ್ತಿಗೆ ಯಾರೆಲ್ಲ ಸದನದಲ್ಲಿರಬೇಕು ಎಂಬುದನ್ನು ಎದುರು ಪಕ್ಷದವರೊಂದಿಗೆ ಕೂತು ತೀರ್ಮಾನಿಸುವ ಕೆಲಸ ಅದು. 1982ರ ಅಕ್ಟೋಬರ್ 1ರಂದು ಹೆಲ್ಮುಟ್ ಶ್ಮಿಟ್ ಅವರನ್ನು ಇಳಿಸಿ ಹೆಲ್ಮುಟ್ ಕೋಲ್ ಅವರನ್ನು ಚಾನ್ಸಲರ್ ಆಗಿ ಆರಿಸಿದ ಅವಿಶ್ವಾಸ ಮತದ ಕಾಲದಲ್ಲಿ ಈ ಕೆಲಸ ಅವರ ಕೈಯಲ್ಲಿತ್ತು. 1984ರಲ್ಲಿ ಕೋಲ್, ಶಾಯ್ಬ್ಲೆ ಅವರನ್ನು ತಮ್ಮ ಕಚೇರಿಯ ಮುಖ್ಯಸ್ಥ ಸಚಿವರನ್ನಾಗಿ ಮಾಡಿಕೊಂಡರು. ಪೂರ್ವ ಜರ್ಮನಿಯ ಜೊತೆಗಿನ ಸೂಕ್ಷ್ಮ ಮಾತುಕತೆಗಳು, 1987ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ನಾಯಕ ಎರಿಕ್ ಹೋನೆಕರ್ ಪಶ್ಚಿಮ ಜರ್ಮನಿಯ ರಾಜಧಾನಿ ಬಾನ್ ನಗರಕ್ಕೆ ನೀಡಿದ ಭೇಟಿಯ ಸಿದ್ಧತೆ, ಎಲ್ಲವೂ ಅವರ ಮೇಜಿನ ಮೂಲಕವೇ ಸಾಗಿದವು.

1989ರಲ್ಲಿ ಅವರು ಗೃಹ ಸಚಿವರಾದರು. ಅದೇ ವರ್ಷ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು. ಎರಡು ಜರ್ಮನಿಗಳು ಒಂದಾದ ಕಥೆಯಲ್ಲಿ ನಮಗೆ ನೆನಪಿರುವುದು ಗೋಡೆಯ ಮೇಲೆ ಹತ್ತಿ ಕುಣಿದ ಜನ ಮತ್ತು ಕೋಲ್ ಅವರ ಮುಖ. ಎರಡು ಕಾನೂನು ವ್ಯವಸ್ಥೆಗಳನ್ನು, ಎರಡು ಬಗೆಯ ಆಸ್ತಿ ಹಕ್ಕುಗಳನ್ನು, ಎರಡು ಆಡಳಿತ ಯಂತ್ರಗಳನ್ನು ಕೆಲವೇ ವಾರಗಳಲ್ಲಿ ಒಂದು ದಾಖಲೆಯೊಳಗೆ ಹೊಂದಿಸಿದವರು ಶಾಯ್ಬ್ಲೆ ಮತ್ತು ಪೂರ್ವ ಜರ್ಮನಿಯ ಪರವಾಗಿ ಮಾತುಕತೆ ನಡೆಸಿದ ಗುಂಟರ್ ಕ್ರೌಸೆ. 1990ರ ಆಗಸ್ಟ್ 31ರಂದು ಬರ್ಲಿನ್‌ನಲ್ಲಿ ಸಹಿಯಾದ ಏಕೀಕರಣ ಒಪ್ಪಂದದಲ್ಲಿ 45 ವಿಧಿಗಳಿದ್ದವು, ಅವುಗಳ ಬೆನ್ನಿಗೆ ನೂರಾರು ಪುಟಗಳ ಅನುಬಂಧಗಳಿದ್ದವು. ಇದು ಸಂವಿಧಾನದ ತಿದ್ದುಪಡಿಯನ್ನೂ ಒಳಗೊಂಡಿದ್ದರಿಂದ ಮೂರನೇ ಎರಡು ಭಾಗದ ಬಹುಮತ ಅಗತ್ಯವಿತ್ತು. ಆದ್ದರಿಂದ ವಿರೋಧ ಪಕ್ಷವಾದ ಸೋಷಿಯಲ್ ಡೆಮಾಕ್ರಟರನ್ನೂ ರಾಜ್ಯಗಳ ಸರ್ಕಾರಗಳನ್ನೂ ಜೊತೆಗೆ ಕರೆದೊಯ್ಯುವುದು ಅನಿವಾರ್ಯವಾಗಿತ್ತು. ಸೆಪ್ಟೆಂಬರ್ 20ರಂದು ಬುಂಡೆಸ್ಟಾಗ್ 442 ಮತಗಳಿಂದ ಒಪ್ಪಂದವನ್ನು ಅಂಗೀಕರಿಸಿತು, ವಿರುದ್ಧ ಬಿದ್ದದ್ದು 47. ಪೂರ್ವದ ಕಾರ್ಖಾನೆಗಳು ಮುಚ್ಚಿ ಲಕ್ಷಾಂತರ ಜನ ಕೆಲಸ ಕಳೆದುಕೊಂಡದ್ದನ್ನೂ, ಹಳೆಯ ಮಾಲೀಕರಿಗೆ ಆಸ್ತಿ ಹಿಂದಿರುಗಿಸುವ ನಿಯಮ ವರ್ಷಗಟ್ಟಲೆ ಕಹಿಗೆ ಕಾರಣವಾದದ್ದನ್ನೂ ನಾನು ಮರೆತಿಲ್ಲ. ಆದರೂ ಅಷ್ಟು ದೊಡ್ಡ ರಾಜಕೀಯ ಬದಲಾವಣೆಯೊಂದು ಶಾಂತಿಯಿಂದ, ಎರಡು ಸಂಸತ್ತುಗಳ ಮತದ ಮೂಲಕ ನಡೆಯಿತು ಎಂಬುದರಲ್ಲಿ ಈ ಮನುಷ್ಯನ ಶ್ರಮ ಬಹಳಷ್ಟಿದೆ.

ಏಕೀಕರಣವಾದ ಒಂಬತ್ತನೇ ದಿನ, ಅಕ್ಟೋಬರ್ 12ರಂದು, ತಮ್ಮದೇ ಕ್ಷೇತ್ರದ ಓಪ್ಪೆನೌ ಎಂಬ ಊರಿನಲ್ಲಿ ಚುನಾವಣಾ ಸಭೆ ಮುಗಿಸಿ ಹೊರಡುತ್ತಿದ್ದಾಗ ಮಾನಸಿಕ ಅಸ್ವಸ್ಥನೊಬ್ಬ ಅವರ ಮೇಲೆ ಗುಂಡು ಹಾರಿಸಿದ. ಜೀವ ಉಳಿಯಿತು, ಆದರೆ ಬೆನ್ನುಹುರಿಗೆ ಏಟು ಬಿದ್ದು ಉಳಿದ ಮೂವತ್ತಮೂರು ವರ್ಷವನ್ನು ಗಾಲಿಕುರ್ಚಿಯಲ್ಲಿ ಕಳೆಯಬೇಕಾಯಿತು. ಕೆಲವೇ ತಿಂಗಳಲ್ಲಿ ಅವರು ಸಚಿವಾಲಯಕ್ಕೆ ಮರಳಿದ್ದರು. ಈ ಘಟನೆಯ ಮೇಲೆ ಅವರ ಇಡೀ ಬದುಕನ್ನು ಕಟ್ಟಿ ತೋರಿಸುವ ಬರಹಗಳು ಸಾಕಷ್ಟಿವೆ. ಅವರ ರಾಜಕಾರಣವನ್ನು ಅದರಿಂದ ವಿವರಿಸುವುದು ಅವರಿಗೆ ಮಾಡುವ ಅನ್ಯಾಯ ಎಂದು ನನಗನಿಸುತ್ತದೆ, ಏಕೆಂದರೆ ಅವರ ಸ್ವಭಾವದ ಗಟ್ಟಿತನ ಅದಕ್ಕಿಂತ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು.

ನಾನು ತುಸು ನಿಧಾನವಾಗಿ ಹೇಳಬೇಕೆಂದಿರುವುದು 1991ರ ಜೂನ್ 20ರ ಬಗ್ಗೆ. ಏಕೀಕರಣ ಒಪ್ಪಂದ ಬರ್ಲಿನ್ ಅನ್ನು ರಾಜಧಾನಿ ಎಂದು ಹೆಸರಿಸಿತ್ತಾದರೂ ಸಂಸತ್ತು ಮತ್ತು ಸರ್ಕಾರ ಎಲ್ಲಿ ಇರಬೇಕು ಎಂಬ ಪ್ರಶ್ನೆಯನ್ನು ಮುಂದಕ್ಕೆ ಬಿಟ್ಟಿತ್ತು. ಬಾನ್ ನಗರದಲ್ಲಿ ನಾಲ್ಕು ದಶಕಗಳ ಕಾಲ ನೆಮ್ಮದಿಯ ಪ್ರಜಾಪ್ರಭುತ್ವ ನಡೆದಿತ್ತು. ಅಧಿಕಾರಿಗಳ ಮನೆಗಳು, ಮಕ್ಕಳ ಶಾಲೆಗಳು ಅಲ್ಲೇ ಇದ್ದವು. ಬರ್ಲಿನ್‌ಗೆ ಹೋಗುವುದೆಂದರೆ ಸೈನಿಕ ದರ್ಪಕ್ಕೆ ಹೆಸರಾಗಿದ್ದ ಹಳೆಯ ಪ್ರಷ್ಯ ರಾಜ್ಯದ ನೆರಳಿಗೆ ಹೋದಂತೆ ಎಂಬ ಭಯವೂ ಹಲವರಿಗಿತ್ತು. ಎರಡೂ ದೊಡ್ಡ ಪಕ್ಷಗಳಲ್ಲಿ ಬಾನ್ ಪರವಾಗಿದ್ದವರೇ ಹೆಚ್ಚು. ಪಕ್ಷದ ಆದೇಶವಿಲ್ಲದೆ, ಪ್ರತಿಯೊಬ್ಬ ಸದಸ್ಯರೂ ತಮ್ಮ ಮನಸ್ಸಿಗೆ ತೋಚಿದಂತೆ ಮತ ಹಾಕಬೇಕಾಗಿದ್ದ ಆ ದಿನ, ನೂರಕ್ಕೂ ಹೆಚ್ಚು ಜನ ಮಾತನಾಡಿದ, ಸುಮಾರು ಹನ್ನೆರಡು ಗಂಟೆ ನಡೆದ ಆ ಚರ್ಚೆಯಲ್ಲಿ, ಗುಂಡೇಟು ತಿಂದು ಎಂಟು ತಿಂಗಳಷ್ಟೇ ಆಗಿದ್ದ ಶಾಯ್ಬ್ಲೆ ಬರ್ಲಿನ್ ಪರವಾಗಿ ಮಾತನಾಡಿದರು. ಇದು ಎರಡು ಊರುಗಳ ನಡುವಿನ ಪೈಪೋಟಿಯಲ್ಲ, ಕೆಲಸದ ಜಾಗಗಳ ಅಥವಾ ಸಾಗಣೆ ವೆಚ್ಚದ ಪ್ರಶ್ನೆಯೂ ಅಲ್ಲ, ಜರ್ಮನಿಯ ಭವಿಷ್ಯದ ಪ್ರಶ್ನೆ ಎಂಬುದು ಅವರ ವಾದದ ತಿರುಳು. ದೇಶ ಒಂದಾಗಬೇಕಾದರೆ ಪಶ್ಚಿಮದವರೂ ಏನನ್ನಾದರೂ ಬಿಟ್ಟುಕೊಡಬೇಕು ಎಂಬುದನ್ನು ಅವರು ಪಶ್ಚಿಮದ ಸದಸ್ಯರ ಮುಖಕ್ಕೇ ಹೇಳಿದರು. ಮಾತು ಮುಗಿದಾಗ ಮಾಜಿ ಚಾನ್ಸಲರ್ ವಿಲ್ಲಿ ಬ್ರಾಂಟ್, ಎದುರು ಪಕ್ಷದ ಹಿರಿಯರು, ಎದ್ದು ಬಂದು ಅವರ ಕೈಕುಲುಕಿದರು. ಮತ ಎಣಿಸಿದಾಗ ಬರ್ಲಿನ್‌ಗೆ 338, ಬಾನ್‌ಗೆ 320. ಹದಿನೆಂಟು ಮತಗಳ ಅಂತರ. ಸದನದ ಮಾತು ಮೊದಲೇ ನಿರ್ಧಾರವಾದ ಮತಗಳಿಗೆ ಹಚ್ಚುವ ಬಣ್ಣವಷ್ಟೇ ಎಂದು ನಂಬಿರುವವರು ಈ ದಿನವನ್ನು ನೋಡಬೇಕು. ಒಂದು ಭಾಷಣ ಎಷ್ಟು ಜನರ ಮನಸ್ಸು ಬದಲಿಸಿತು ಎಂದು ಯಾರೂ ಲೆಕ್ಕ ಕೊಡಲಾರರು, ಆದರೆ ಅಂದು ಸದನದಲ್ಲಿದ್ದ ಅನೇಕರು ಅದನ್ನೇ ನಿರ್ಣಾಯಕವೆಂದು ಕರೆದಿದ್ದಾರೆ.

ಅದೇ ವರ್ಷದ ಕೊನೆಯಲ್ಲಿ ಅವರು ಸಂಸದೀಯ ಪಕ್ಷದ ನಾಯಕರಾದರು, 2000ದವರೆಗೂ ಆ ಸ್ಥಾನದಲ್ಲಿದ್ದರು. ಚಾನ್ಸಲರ್ ಆದವರ ಹಿಂದೆ ಬಹುಮತವನ್ನು ಕಟ್ಟಿ ನಿಲ್ಲಿಸುವ ಈ ಹುದ್ದೆಗೆ ಸಚಿವ ಸ್ಥಾನಕ್ಕಿಂತ ಹೆಚ್ಚಿನ ಬಲವಿದೆ. ಆಶ್ರಯ ಕೋರುವ ಹಕ್ಕಿಗೆ ಮಿತಿ ಹಾಕಿದ 1993ರ ಮೇ 26ರ ಸಂವಿಧಾನ ತಿದ್ದುಪಡಿಯನ್ನು ವಿರೋಧ ಪಕ್ಷದೊಂದಿಗೆ ಕೂಡಿ ಸಾಧಿಸಿದ್ದು ಈ ಅವಧಿಯಲ್ಲೇ. ವಲಸಿಗರ ಮನೆಗಳಿಗೆ ಬೆಂಕಿ ಹಚ್ಚುತ್ತಿದ್ದ ಆ ಹೊತ್ತಿನಲ್ಲಿ ಅದು ದಾಳಿಕೋರರಿಗೆ ಸೋತಂತೆ ಕಾಣಲಿಲ್ಲವೇ ಎಂಬ ಪ್ರಶ್ನೆ ನನ್ನಲ್ಲಿ ಇಂದಿಗೂ ಇದೆ. 1994ರಲ್ಲಿ ತಮ್ಮ ಪಕ್ಷದ ಸಂಸದ ಕಾರ್ಲ್ ಲಾಮರ್ಸ್ ಜೊತೆಗೂಡಿ ಮಂಡಿಸಿದ, ಒಗ್ಗಟ್ಟಿಗೆ ಸಿದ್ಧವಿರುವ ಕೆಲವು ದೇಶಗಳು ಮುಂದೆ ಸಾಗಿ ಯೂರೋಪಿನ ತಿರುಳಾಗಬೇಕು ಎಂಬ ಪ್ರಸ್ತಾಪವೂ ಸಂಸದೀಯ ಪಕ್ಷದ ದಾಖಲೆಯಾಗಿಯೇ ಹೊರಬಂತು. ಅದೇ ವರ್ಷ ಫೆಬ್ರುವರಿಯಲ್ಲಿ ಇನ್ನೊಂದು ಕುತೂಹಲದ ಚರ್ಚೆ ನಡೆಯಿತು. ಬರ್ಲಿನ್‌ನ ಹಳೆಯ ಸಂಸತ್ ಭವನವಾದ ರೈಖ್‌ಸ್ಟಾಗ್ ಕಟ್ಟಡವನ್ನು ಬಟ್ಟೆಯಿಂದ ಸುತ್ತಲು ಕಲಾವಿದ ಕ್ರಿಸ್ಟೊ ಅವರಿಗೆ ಅನುಮತಿ ಕೊಡಬೇಕೇ ಎಂಬುದು ಪ್ರಶ್ನೆ. ಅಷ್ಟು ಗಾಯಗಳನ್ನು ಹೊತ್ತ ಕಟ್ಟಡವನ್ನು ಪ್ರಯೋಗಕ್ಕೆ ಒಡ್ಡಬಾರದು ಎಂದು ಶಾಯ್ಬ್ಲೆ ಗಂಭೀರವಾಗಿ ವಾದಿಸಿದರು. ಸದನ 292ಕ್ಕೆ 223 ಮತಗಳಿಂದ ಅವರ ಮಾತನ್ನು ತಳ್ಳಿಹಾಕಿತು. ಮರುವರ್ಷ ಕಟ್ಟಡವನ್ನು ಸುತ್ತಿದಾಗ ನೋಡಲು ಲಕ್ಷಾಂತರ ಜನ ಬಂದರು. ಆಡಳಿತ ಪಕ್ಷದ ಸಂಸದೀಯ ನಾಯಕನೇ ಎದ್ದು ವಿರೋಧಿಸಿದ ಮೇಲೂ ಸೋಲುವುದು ಸಾಧ್ಯವಿರುವ ಸದನ ಅದು.

ಈಗ ಅವರ ಬದುಕಿನ ಅತ್ಯಂತ ಭಾರವಾದ ಅಧ್ಯಾಯಕ್ಕೆ ಬರುತ್ತೇನೆ. 1997ರಲ್ಲಿ ಕೋಲ್ ತಮ್ಮ ಉತ್ತರಾಧಿಕಾರಿಯಾಗಿ ಶಾಯ್ಬ್ಲೆ ಅವರನ್ನು ಬಯಸುವುದಾಗಿ ಬಹಿರಂಗವಾಗಿ ಹೇಳಿದರು. ಆದರೆ 1998ರ ಚುನಾವಣೆಗೆ ತಾವೇ ನಿಂತು ಸೋತರು. ಪಕ್ಷದ ಅಧ್ಯಕ್ಷಗಿರಿ ಶಾಯ್ಬ್ಲೆ ಅವರಿಗೆ ಬಂತು. ಪೂರ್ವ ಜರ್ಮನಿಯಿಂದ ಬಂದಿದ್ದ ಆಂಗೆಲಾ ಮೆರ್ಕೆಲ್ ಅವರನ್ನು ಪಕ್ಷದ ಪ್ರಧಾನ ಕಾರ್ಯದರ್ಶಿಯಾಗಿ ಆರಿಸಿಕೊಂಡವರು ಅವರೇ. ಒಂದು ವರ್ಷ ಕಳೆಯುವಷ್ಟರಲ್ಲಿ ಸಿಡಿಯುವಿನ ಗುಪ್ತ ದೇಣಿಗೆಗಳ ಹಗರಣ ಸ್ಫೋಟಗೊಂಡಿತು. ಲೆಕ್ಕಕ್ಕೆ ತೋರಿಸದ ಹಣ ಪಡೆದದ್ದನ್ನು ಒಪ್ಪಿಕೊಂಡ ಕೋಲ್, ಕೊಟ್ಟವರ ಹೆಸರು ಹೇಳಲು ನಿರಾಕರಿಸಿದರು. 1999ರ ಡಿಸೆಂಬರ್ 2ರಂದು ಬುಂಡೆಸ್ಟಾಗ್‌ನಲ್ಲಿ ಮಾತನಾಡುತ್ತ ಶಾಯ್ಬ್ಲೆ, ಶಸ್ತ್ರಾಸ್ತ್ರ ದಲ್ಲಾಳಿ ಕಾರ್ಲ್‌ಹೈನ್ಸ್ ಶ್ರೈಬರ್ ಅವರನ್ನು ಹಿಂದೊಮ್ಮೆ ಒಂದು ಸಮಾರಂಭದಲ್ಲಿ ಭೇಟಿಯಾಗಿದ್ದೆ ಎಂದಷ್ಟೇ ಹೇಳಿದರು. ಹಣದ ಪೆಟ್ಟಿಗೆಯ ಸಮೇತವೋ ಪೆಟ್ಟಿಗೆಯಿಲ್ಲದೆಯೋ ಎಂದು ಗ್ರೀನ್ ಪಕ್ಷದ ಹನ್ಸ್ ಕ್ರಿಸ್ಟಿಯಾನ್ ಷ್ಟ್ರೋಬೆಲೆ ಕೂಗಿ ಕೇಳಿದಾಗ, ಇಲ್ಲದೆಯೇ ಎಂದು ಉತ್ತರಿಸಿದರು. 2000ದ ಜನವರಿಯಲ್ಲಿ, 1994ರಲ್ಲಿ ಅದೇ ವ್ಯಕ್ತಿಯಿಂದ ಪಕ್ಷಕ್ಕಾಗಿ ಒಂದು ಲಕ್ಷ ಮಾರ್ಕ್ (ಜರ್ಮನಿಯ ಅಂದಿನ ನಾಣ್ಯ) ನಗದು ಪಡೆದಿದ್ದಾಗಿ ದೂರದರ್ಶನದ ಮುಂದೆ ಒಪ್ಪಿಕೊಳ್ಳಬೇಕಾಯಿತು. ಹಣ ಹೇಗೆ ಕೈ ಬದಲಾಯಿತು ಎಂಬ ಬಗ್ಗೆ ಅವರ ಹೇಳಿಕೆಯೂ ಪಕ್ಷದ ಅಂದಿನ ಖಜಾಂಚಿಯ ಹೇಳಿಕೆಯೂ ತಾಳೆಯಾಗಲೇ ಇಲ್ಲ. ಫೆಬ್ರುವರಿ 16ರಂದು ಅವರು ಪಕ್ಷ ಮತ್ತು ಸಂಸದೀಯ ಪಕ್ಷದ ಎರಡೂ ಸ್ಥಾನಗಳಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿದರು. ಪಕ್ಷ ಮೆರ್ಕೆಲ್ ಅವರ ಕೈಗೂ, ಸಂಸದೀಯ ಪಕ್ಷ ಫ್ರೀಡ್ರಿಖ್ ಮೆರ್ಟ್ಸ್ ಅವರ ಕೈಗೂ ಹೋಯಿತು.

ಶಾಯ್ಬ್ಲೆ ಅವರನ್ನು ಟೀಕಿಸುವವರು ಸಾಮಾನ್ಯವಾಗಿ ಗ್ರೀಸ್ ವಿಷಯದಲ್ಲಿ ನಿಲ್ಲುತ್ತಾರೆ. ನನ್ನ ಲೆಕ್ಕದಲ್ಲಿ ಆ ಡಿಸೆಂಬರ್ ದಿನದ ಒಂದು ಪದದ ಉತ್ತರವೇ ಅವರ ಅತಿ ದೊಡ್ಡ ತಪ್ಪು. ಲಕ್ಷ ಮಾರ್ಕ್ ಪಕ್ಷದ ಆ ಹಗರಣದಲ್ಲಿ ಸಣ್ಣ ಮೊತ್ತವೇ. ಆದರೆ ಸದನದಲ್ಲಿ ಆಡಿದ ಮಾತಿಗೆ ಬೆಲೆಯಿದೆ ಎಂದು ಜೀವನವಿಡೀ ನಂಬಿದ, ಆ ನಂಬಿಕೆಯಿಂದಲೇ 1991ರಲ್ಲಿ ದೇಶದ ರಾಜಧಾನಿಯನ್ನು ನಿರ್ಣಯಿಸಲು ನೆರವಾದ ವ್ಯಕ್ತಿ, ಅದೇ ಸದನಕ್ಕೆ ಸುಳ್ಳು ಚಿತ್ರವನ್ನು ಕೊಟ್ಟರು. ಚಾನ್ಸಲರ್ ಹುದ್ದೆ ಅವರಿಗೆ ಶಾಶ್ವತವಾಗಿ ಕೈತಪ್ಪಿದ್ದು ಅದರಿಂದ, ಅದು ನ್ಯಾಯವೂ ಹೌದು. ಆಮೇಲೆ ಅವರು ಮನೆ ಸೇರಲಿಲ್ಲ, ಯಾವುದೇ ಕಂಪನಿಯ ಆಡಳಿತ ಮಂಡಳಿಯಲ್ಲಿ ಕುರ್ಚಿ ಹುಡುಕಿಕೊಂಡು ರಾಜಕೀಯ ಬಿಡಲಿಲ್ಲ. ಆಫನ್‌ಬುರ್ಗ್‌ನ ಸದಸ್ಯರಾಗಿ ಸಂಸತ್ತಿನಲ್ಲೇ ಮುಂದುವರಿದರು. 2004ರಲ್ಲಿ ರಾಷ್ಟ್ರಾಧ್ಯಕ್ಷ ಸ್ಥಾನಕ್ಕೆ ಅವರ ಹೆಸರು ಬಂತು, ಮೆರ್ಕೆಲ್ ಮತ್ತು ಮಿತ್ರಪಕ್ಷ ಹೋರ್ಸ್ಟ್ ಕೋಲರ್ ಅವರನ್ನು ಆರಿಸಿದರು. ಈ ಅವಮಾನವನ್ನೂ ನುಂಗಿಕೊಂಡರು.

2005ರಲ್ಲಿ ಮೆರ್ಕೆಲ್ ಅವರ ಸಂಪುಟದಲ್ಲಿ ಮತ್ತೆ ಗೃಹ ಸಚಿವರಾದಾಗ ಅವರ ಎರಡು ಮುಖಗಳು ಒಟ್ಟೊಟ್ಟಿಗೆ ಕಂಡವು. ಭದ್ರತೆಯ ಹೆಸರಿನಲ್ಲಿ ನಾಗರಿಕರ ಫೋನ್ ಸಂಪರ್ಕದ ವಿವರಗಳನ್ನು ಕೂಡಿಡುವ, ಕಂಪ್ಯೂಟರುಗಳೊಳಗೆ ಗುಟ್ಟಾಗಿ ಇಣುಕುವ ಅಧಿಕಾರಗಳನ್ನು ಅವರು ಪಟ್ಟು ಹಿಡಿದು ಬೆಂಬಲಿಸಿದರು. ಸಾಂವಿಧಾನಿಕ ನ್ಯಾಯಾಲಯ 2010ರಲ್ಲಿ ದತ್ತಾಂಶ ಸಂಗ್ರಹದ ಕಾನೂನನ್ನು ರದ್ದು ಮಾಡಿತು, 2016ರಲ್ಲಿ ಫೆಡರಲ್ ಅಪರಾಧ ತನಿಖಾ ದಳದ ಕಾನೂನಿನ ಹಲವು ಭಾಗಗಳನ್ನು ಸಂವಿಧಾನ ವಿರೋಧಿ ಎಂದಿತು; ನ್ಯಾಯಾಲಯದ ಈ ತೀರ್ಪುಗಳು ಸರಿಯಾಗಿದ್ದವು. ಅದೇ ಸಚಿವರು 2006ರ ಸೆಪ್ಟೆಂಬರ್‌ನಲ್ಲಿ ಮುಸ್ಲಿಂ ಪ್ರತಿನಿಧಿಗಳನ್ನು ಸರ್ಕಾರದ ಜೊತೆ ಒಂದೇ ಮೇಜಿನ ಸುತ್ತ ಕೂರಿಸುವ ಜರ್ಮನ್ ಇಸ್ಲಾಂ ಸಮ್ಮೇಳನವನ್ನು ಆರಂಭಿಸಿ, ಇಸ್ಲಾಂ ಜರ್ಮನಿಯ ಮತ್ತು ಯೂರೋಪಿನ ಭಾಗವೆಂದು ಬುಂಡೆಸ್ಟಾಗ್‌ನಲ್ಲಿ ಘೋಷಿಸಿದರು. ಸಂಪ್ರದಾಯವಾದಿ ಪಕ್ಷದ ಗೃಹ ಸಚಿವರೊಬ್ಬರು ಆ ಮಾತನ್ನು ಅಂದು ಸಂಸತ್ತಿನ ದಾಖಲೆಗೆ ಸೇರಿಸಿದ್ದು ಸಣ್ಣ ಸಂಗತಿಯಲ್ಲ.

ಇನ್ನು ಹಣಕಾಸು ಸಚಿವಾಲಯದ ವಿಷಯ. 2015ರ ಜುಲೈನಲ್ಲಿ ಗ್ರೀಸ್ ಕನಿಷ್ಠ ಐದು ವರ್ಷ ಯೂರೊ ವಲಯದಿಂದ ಹೊರಗಿರುವ ಸಾಧ್ಯತೆಯನ್ನು ಅವರ ಸಚಿವಾಲಯದ ಟಿಪ್ಪಣಿ ಮುಂದಿಟ್ಟದ್ದು ನಿಜ. ಅಲ್ಲಿನ ಪಿಂಚಣಿದಾರರ, ಯುವಕರ ಸಂಕಟವನ್ನು ನೆನೆದರೆ ಆ ದಿನಗಳ ಜರ್ಮನಿಯ ಧೋರಣೆ ಅತಿಯಾಯಿತು ಎಂದೇ ನಾನೂ ಭಾವಿಸುತ್ತೇನೆ. ಆದರೆ ತಮ್ಮ ಲೇಖನದಲ್ಲಿ ಬಿಟ್ಟುಹೋದ ಒಂದು ಸಂಗತಿ ಇದೆ. 2011ರ ಸೆಪ್ಟೆಂಬರ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ, ಸಾಲದಲ್ಲಿ ಸಿಲುಕಿದ ಯೂರೊ ದೇಶಗಳಿಗೆ ಕೊಡುವ ನೆರವಿನ ಖಾತರಿಗಳಿಗೆ ಸಂಸತ್ತಿನ ಆಯವ್ಯಯ ಸಮಿತಿಯ ಪೂರ್ವಾನುಮತಿ ಬೇಕು ಎಂದು ತೀರ್ಪಿತ್ತಿತು. ಮರುವರ್ಷದ ಫೆಬ್ರುವರಿಯಲ್ಲಿ, ಒಂಬತ್ತು ಸದಸ್ಯರ ಸಣ್ಣ ಸಮಿತಿಯೊಂದರಲ್ಲಿ ಗುಟ್ಟಾಗಿ ಇಂಥ ತೀರ್ಮಾನಗಳನ್ನು ಮಾಡುವ ವ್ಯವಸ್ಥೆಯನ್ನೂ ಬಹುಪಾಲು ತಳ್ಳಿಹಾಕಿತು. ಹೀಗಾಗಿ ಬ್ರಸೆಲ್ಸ್‌ನಲ್ಲಿ ರಾತ್ರಿಯಿಡೀ ಚೌಕಾಸಿ ಮಾಡಿ ಬಂದ ಸಚಿವರು ಬರ್ಲಿನ್‌ನಲ್ಲಿ ಸದಸ್ಯರ ಮುಂದೆ ನಿಂತು ಪೈಸೆ ಪೈಸೆಗೂ ಉತ್ತರ ಹೇಳಬೇಕಾಗಿತ್ತು. 2015ರ ಜುಲೈ 17ರಂದು ಗ್ರೀಸ್‌ಗೆ ಕೊಡುವ ಮೂರನೇ ನೆರವಿನ ಮಾತುಕತೆಗೆ ಒಪ್ಪಿಗೆ ಕೇಳಿದಾಗ 439 ಸದಸ್ಯರು ಪರವಾಗಿ, 119 ಮಂದಿ ವಿರುದ್ಧವಾಗಿ ಮತ ಹಾಕಿದರು. ವಿರೋಧಿಸಿದವರಲ್ಲಿ 60 ಮಂದಿ ಸ್ವಂತ ಸಂಸದೀಯ ಪಕ್ಷದವರು. ಗ್ರೀಸ್‌ಗೆ ಹಣವೇ ಕೊಡಬಾರದು ಎನ್ನುತ್ತಿದ್ದ ಈ ಗುಂಪನ್ನು ಬಿಟ್ಟು ಶಾಯ್ಬ್ಲೆ ಅವರ ನಡೆಯನ್ನು ವಿವರಿಸಿದರೆ ಅರ್ಧ ಚಿತ್ರವಷ್ಟೇ ಸಿಗುತ್ತದೆ. ಅವರ ಗಡಸು ಮಾತಿನಲ್ಲಿ ಒಂದು ಪಾಲು ಅಥೆನ್ಸ್‌ಗಿಂತ ತಮ್ಮ ಹಿಂದಿನ ಬೆಂಚುಗಳಿಗೆ ಕೇಳಿಸಲೆಂದು ಇತ್ತು ಎಂಬುದು ನನ್ನ ಊಹೆ. ಅದು ಅವರ ನಡೆಯನ್ನು ಸಮರ್ಥಿಸುವುದಿಲ್ಲ, ಅರ್ಥವಾಗುವಂತೆ ಮಾಡುತ್ತದೆ.

2014ರಲ್ಲಿ, 1969ರ ನಂತರ ಮೊದಲ ಬಾರಿಗೆ, ಕೇಂದ್ರದ ಆಯವ್ಯಯ ಹೊಸ ಸಾಲವಿಲ್ಲದೆ ಮುಗಿಯಿತು. ಇದನ್ನು ಜರ್ಮನ್ನರು ‘ಕಪ್ಪು ಸೊನ್ನೆ’ ಎಂದು ಕರೆಯುತ್ತಾರೆ. 2017ರಲ್ಲಿ ಅವರು ಸಚಿವಾಲಯ ಬಿಡುವ ದಿನ ಸಿಬ್ಬಂದಿ ಕಪ್ಪು ಬಟ್ಟೆ ತೊಟ್ಟು ಅಂಗಳದಲ್ಲಿ ದೊಡ್ಡ ಸೊನ್ನೆಯ ಆಕಾರದಲ್ಲಿ ನಿಂತು ಬೀಳ್ಕೊಟ್ಟರು. ಸೇತುವೆಗಳೂ ರೈಲುಮಾರ್ಗಗಳೂ ದುರಸ್ತಿಗೆ ಕಾಯುತ್ತಿದ್ದ ದೇಶದಲ್ಲಿ, ಬಡ್ಡಿ ದರ ಸೊನ್ನೆಯ ಹತ್ತಿರವಿದ್ದ ಕಾಲದಲ್ಲಿ, ಸಾಲ ಮಾಡದಿರುವುದನ್ನೇ ಪರಮಗುರಿಯಾಗಿಸಿಕೊಂಡದ್ದು ದೂರದೃಷ್ಟಿಯ ಕೊರತೆ ಎಂದು ನನಗನಿಸುತ್ತದೆ.

ಅದೇ ವರ್ಷ ಅಕ್ಟೋಬರ್ 24ರಂದು 501 ಮತಗಳಿಂದ ಅವರು ಬುಂಡೆಸ್ಟಾಗ್‌ನ ಅಧ್ಯಕ್ಷರಾದರು. ಕಟು ಬಲಪಂಥೀಯ ಎಎಫ್‌ಡಿ ಪಕ್ಷ ಮೊದಲ ಬಾರಿ ಸದನಕ್ಕೆ ಬಂದಿತ್ತು. ಜರ್ಮನಿಯ ಜನತೆಯ ನಿಜವಾದ ದನಿ ತಾವೇ ಎಂಬುದು ಅದರ ಸದಸ್ಯರ ಘೋಷಣೆಯಾಗಿತ್ತು. ಅಧ್ಯಕ್ಷರಾಗಿ ಮಾಡಿದ ಮೊದಲ ಭಾಷಣದಲ್ಲೇ ಶಾಯ್ಬ್ಲೆ, ಜನತೆಯನ್ನು ಯಾರೊಬ್ಬರೂ ಒಬ್ಬಂಟಿಯಾಗಿ ಪ್ರತಿನಿಧಿಸುವುದಿಲ್ಲ, ಜನರ ಇಚ್ಛೆ ಎಂಬುದು ಸದನದ ತೀರ್ಮಾನಗಳಲ್ಲಿಯೇ ರೂಪ ಪಡೆಯುತ್ತದೆ ಎಂದು ಸ್ಪಷ್ಟಪಡಿಸಿದರು. ಜಗಳವಾಡಿ, ಆದರೆ ನಿಯಮಕ್ಕೆ ಬದ್ಧರಾಗಿ ಜಗಳವಾಡಿ ಎಂಬುದು ಅವರ ನಿಲುವು. ಎಎಫ್‌ಡಿಯ ಮಾತಿನ ಹಕ್ಕನ್ನು ಅವರು ಕಸಿಯಲಿಲ್ಲ, ಎಲ್ಲೆ ಮೀರಿದಾಗ ಎಚ್ಚರಿಸದೆ ಬಿಡಲೂ ಇಲ್ಲ. ಜರ್ಮನಿಯಲ್ಲಿ ಪಕ್ಷಗಳ ದೇಣಿಗೆ ಮತ್ತು ಲೆಕ್ಕಪತ್ರಗಳ ಪರಿಶೀಲನೆ ಈ ಅಧ್ಯಕ್ಷರ ಕಚೇರಿಗೆ ಸೇರಿದ್ದು. 2000ದಲ್ಲಿ ಅಂದಿನ ಅಧ್ಯಕ್ಷ ವೋಲ್ಫ್‌ಗಾಂಗ್ ಟೀರ್ಜೆ, ಗುಪ್ತ ಹಣ ಬಚ್ಚಿಟ್ಟ ಕಾರಣಕ್ಕೆ ಸಿಡಿಯುವಿಗೆ 4 ಕೋಟಿ ಮಾರ್ಕ್‌ಗೂ ಹೆಚ್ಚಿನ ಸರ್ಕಾರಿ ಅನುದಾನವನ್ನು ಹಿಂದಿರುಗಿಸಲು ಆದೇಶಿಸಿದ್ದರು. ಅಂದು ಸಿಡಿಯು ಅಧ್ಯಕ್ಷರಾಗಿದ್ದ ಶಾಯ್ಬ್ಲೆ ಅವರೇ ಮುಂದೆ ಆ ಕುರ್ಚಿಯಲ್ಲಿ ಕೂತರು, 2019ರಲ್ಲಿ ಅವರ ಆಡಳಿತ ಎಎಫ್‌ಡಿಗೆ ಅಕ್ರಮ ದೇಣಿಗೆಗಾಗಿ ನಾಲ್ಕು ಲಕ್ಷ ಯೂರೊ ದಂಡ ವಿಧಿಸಿತು. ನಿಯಮವೂ ಸಂಸ್ಥೆಯೂ ವ್ಯಕ್ತಿಗಿಂತ ಗಟ್ಟಿಯಾಗಿ ನಿಂತಿದ್ದರಿಂದಲೇ ಇದು ಸಾಧ್ಯವಾಯಿತು.

ಅವರಿಗೆ ಆಗದೆ ಉಳಿದ ಕೆಲಸವೂ ಒಂದಿದೆ. ಕ್ಷೇತ್ರಗಳಲ್ಲಿ ಗೆದ್ದ ಸ್ಥಾನಗಳನ್ನೂ ಪಟ್ಟಿಗೆ ಬಿದ್ದ ಮತಗಳ ಪ್ರಮಾಣವನ್ನೂ ಸರಿದೂಗಿಸಲು ಹೆಚ್ಚುವರಿ ಸ್ಥಾನಗಳನ್ನು ಕೊಡುತ್ತ ಹೋಗಿ ಬುಂಡೆಸ್ಟಾಗ್‌ನ ಗಾತ್ರ 2017ರಲ್ಲಿ 709ಕ್ಕೆ, 2021ರಲ್ಲಿ 736ಕ್ಕೆ ಏರಿತು. ಕ್ಷೇತ್ರಗಳನ್ನು 299ರಿಂದ 270ಕ್ಕೆ ಇಳಿಸುವ ಪ್ರಸ್ತಾಪವನ್ನು ಅವರು ಮುಂದಿಟ್ಟರು. ಸಿಎಸ್‌ಯು ಒಪ್ಪಲಿಲ್ಲ, ಪಕ್ಷಗಳು ತಮ್ಮ ತಮ್ಮ ಲಾಭ ನೋಡಿಕೊಂಡವು. ಸದಸ್ಯರ ಸಂಖ್ಯೆಯನ್ನು 630ಕ್ಕೆ ನಿಲ್ಲಿಸಿದ ಕಾನೂನು 2023ರಲ್ಲಿ ಬಂದಾಗ ಅವರು ಅಧ್ಯಕ್ಷರಾಗಿರಲಿಲ್ಲ. ಫ್ರಾನ್ಸ್ ವಿಷಯದಲ್ಲಿ ಮಾತ್ರ ಯಶಸ್ಸು ಕಂಡರು. ಆಫನ್‌ಬುರ್ಗ್‌ನಿಂದ ರೈನ್ ನದಿಯ ಆಚೆ ದಡದ ಸ್ಟ್ರಾಸ್‌ಬುರ್ಗ್ ಕೂಗಳತೆಯ ದೂರದಲ್ಲಿದೆ. ಎರಡೂ ಸಂಸತ್ತುಗಳಿಂದ ತಲಾ ಐವತ್ತು ಸದಸ್ಯರು ಸೇರುವ ಜಂಟಿ ಸಂಸದೀಯ ಸಭೆ 2019ರ ಮಾರ್ಚ್‌ನಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಬಾರಿ ಸೇರಿತು. ಅದರ ಹಿಂದೆ ಅವರ ಒತ್ತಾಸೆಯಿತ್ತು. 2020ರ ಏಪ್ರಿಲ್‌ನಲ್ಲಿ, ಕೋವಿಡ್ ನಿರ್ಬಂಧಗಳು ಬಿಗಿಯಾಗಿದ್ದಾಗ, ಜೀವರಕ್ಷಣೆಯ ಮುಂದೆ ಉಳಿದೆಲ್ಲವೂ ಹಿಂದೆ ಸರಿಯಬೇಕು ಎಂಬ ಮಾತು ಹಾಗೆಯೇ ನಿಲ್ಲುವುದಿಲ್ಲ, ಸಂವಿಧಾನದಲ್ಲಿ ಪರಮಮೌಲ್ಯವೊಂದಿದ್ದರೆ ಅದು ಮನುಷ್ಯನ ಘನತೆ ಎಂದು ಸಂದರ್ಶನವೊಂದರಲ್ಲಿ ಹೇಳಿ ದೊಡ್ಡ ಚರ್ಚೆಗೆ ಕಾರಣರಾದರು. ಎಪ್ಪತ್ತೇಳರ ವಯಸ್ಸಿನ, ದೇಹ ಜರ್ಜರಿತವಾಗಿದ್ದ ವ್ಯಕ್ತಿಯೊಬ್ಬರು ಅದನ್ನು ಹೇಳಿದ್ದರಿಂದ ಆ ಮಾತಿಗೆ ಬಲವಿತ್ತು.

2021ರ ಚುನಾವಣೆಯಲ್ಲಿ ಪಕ್ಷ ಸೋತ ಮೇಲೆ ಅಧ್ಯಕ್ಷ ಸ್ಥಾನ ಬೆರ್ಬೆಲ್ ಬಾಸ್ ಅವರಿಗೆ ಹೋಯಿತು. ಅತಿ ದೀರ್ಘ ಸೇವೆಯ ಸದಸ್ಯರಾಗಿ ಹೊಸ ಸದನದ ಮೊದಲ ಬೈಠಕ್ಕನ್ನು ಆರಂಭಿಸಿಕೊಟ್ಟು ಶಾಯ್ಬ್ಲೆ ಮತ್ತೆ ಸಾಮಾನ್ಯ ಸದಸ್ಯರ ಸಾಲಿಗೆ ಮರಳಿದರು. 2023ರ ಡಿಸೆಂಬರ್ 26ರಂದು, ಎಂಬತ್ತೊಂದನೇ ವಯಸ್ಸಿನಲ್ಲಿ ಆಫನ್‌ಬುರ್ಗ್‌ನಲ್ಲಿ ತೀರಿಕೊಂಡರು. ಮರು ತಿಂಗಳು ಬುಂಡೆಸ್ಟಾಗ್‌ನಲ್ಲಿ ನಡೆದ ಸರ್ಕಾರಿ ಶ್ರದ್ಧಾಂಜಲಿ ಸಭೆಯಲ್ಲಿ ಫ್ರಾನ್ಸ್ ಅಧ್ಯಕ್ಷ ಇಮ್ಯಾನುಯೆಲ್ ಮ್ಯಾಕ್ರನ್ ಬಂದು, ಒಂದಿಷ್ಟು ಜರ್ಮನ್ ಭಾಷೆಯಲ್ಲೇ ಮಾತನಾಡಿದರು.

ಅವರ ಸ್ಥಾನಕ್ಕೆ 2000ದಲ್ಲಿ ಬಂದಿದ್ದ ಮೆರ್ಟ್ಸ್ ಇಂದು ಚಾನ್ಸಲರ್. 2025ರ ಫೆಬ್ರುವರಿ ಚುನಾವಣೆಯ ನಂತರ, ಹೊಸ ಸದನದಲ್ಲಿ ಮೂರನೇ ಎರಡು ಬಹುಮತ ಒದಗದು ಎಂದರಿತು, ಅವಧಿ ಮುಗಿಯುತ್ತಿದ್ದ ಹಳೆಯ ಬುಂಡೆಸ್ಟಾಗ್ ಅನ್ನೇ ಮಾರ್ಚ್ 18ರಂದು ಸೇರಿಸಿ, ಸಾಲಕ್ಕೆ ಮಿತಿ ಹಾಕುವ ಸಂವಿಧಾನ ವಿಧಿಗಳನ್ನು ಸಡಿಲಿಸಿ, ಮೂಲಸೌಕರ್ಯಕ್ಕೆ 50,000 ಕೋಟಿ ಯೂರೊಗಳ ನಿಧಿಗೆ ದಾರಿ ಮಾಡಲಾಯಿತು. ಒಂದು ವಾರದಲ್ಲಿ ಹೊಸ ಸದಸ್ಯರು ಸೇರುವವರಿದ್ದರು. ಕಾನೂನಿನ ಪ್ರಕಾರ ಅದು ಸಿಂಧು, ಸಾಂವಿಧಾನಿಕ ನ್ಯಾಯಾಲಯವೂ ತಡೆಯಲಿಲ್ಲ. ಹಣ ಬೇಕಿತ್ತು ಎಂಬುದನ್ನೂ ನಾನು ಒಪ್ಪುತ್ತೇನೆ. ಜನ ಬದಲಿಸಿದ ಸದನದ ಕೈಯಲ್ಲಿ ಸಂವಿಧಾನವನ್ನು ತಿದ್ದಿಸಿದ್ದು ಸಂಸದೀಯ ನೀತಿಯ ದೃಷ್ಟಿಯಿಂದ ಎಷ್ಟು ಸರಿ ಎಂಬ ಪ್ರಶ್ನೆ ಮಾತ್ರ ಸಾಲದ ಮೊತ್ತದ ಅಬ್ಬರದಲ್ಲಿ ಮರೆಯಾಗಿದೆ. ತಮ್ಮ ಪತ್ರಿಕೆ ಜರ್ಮನಿಯ ರಾಜಕಾರಣವನ್ನು ಮತ್ತೆ ಕೈಗೆತ್ತಿಕೊಂಡಾಗ ಆ ದಿನದ ಕಲಾಪವನ್ನು, ಅಲ್ಲಿ ಪರವಾಗಿಯೂ ವಿರುದ್ಧವಾಗಿಯೂ ಆಡಿದ ಮಾತುಗಳ ಸಮೇತ, ಓದುಗರಿಗೆ ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಓದುಗ